ಪತ್ರ ಕಳೆದರೆ ಅಪ್ಪನ ಮಾತೂ ಕಳೆಯಿತೇ?

ಅಪ್ಪನ ದಿವಸದ ಕಾರ್ಯ ಮುಗಿದ ಸಂಜೆ ಟ್ರಂಕು ತೆಗೆದೆವು. ಶಿಸ್ತಿನ ರಸೀದಿ, ಶೇಂಗಾ ಮಂಡಿಯ ಚೀಟಿ, ಹಳೇ ಪಂಚಾಂಗ ಎಲ್ಲಾ ಇದ್ದವು. ಬೇಕಾದದ್ದೊಂದೇ ಇರಲಿಲ್ಲ. ಸ್ವಂತ ದುಡಿಮೆಯಿಂದ ಕೊಂಡ ನಾಲ್ಕು ಎಕರೆ ಹೊಲವನ್ನು ಬಾವಿ ಸಮೇತ ಅಪ್ಪ 1986ರಲ್ಲಿ ಕುಟುಂಬದ ಟ್ರಸ್ಟಿಗೆ ಬರೆದಿಟ್ಟಿದ್ದರು. ಹುಟ್ಟಿನಿಂದ ಮಾತು ಬಾರದ ನಮ್ಮ ತಂಗಿಯ ಊಟ, ಬಟ್ಟೆ, ಔಷಧಿಗೆ ಆ ಹೊಲದ ಉತ್ಪತ್ತಿ. ಅಪ್ಪ ಇರುವತನಕ ಅವರೇ ಟ್ರಸ್ಟಿ, ಆಮೇಲೆ ನಾನು. ಇದು ಮನೆಮಂದಿಗೆಲ್ಲ ಗೊತ್ತಿದ್ದ ಸಂಗತಿ. ಆದರೆ ಪತ್ರ ಎಲ್ಲಿ?

ತಮ್ಮ ಅಂದೇ ಅಂದ: "ಅಣ್ಣಾ, ಕಾಗದವೇ ಇಲ್ಲಾಂದಮೇಲೆ ಟ್ರಸ್ಟ್ ಎಲ್ಲಿಂದ ಬಂತು? ಭಾಗ ಮಾಡಿಕೊಳ್ಳೋಣ. ತಂಗೀನ ಯಾರಾದರೂ ನೋಡಿಕೊಂಡರಾಯ್ತು."

ಅವನೊಬ್ಬನನ್ನೇ ದೂರಲಾರೆ. ಗಡಿಯ ಈಚೆ ಆಚೆ ಎಷ್ಟೋ ಮನೆಗಳಲ್ಲಿ ಇದೇ ಮಾತು. ಆದರೆ ಬಂಧುಗಳೇ, "ಯಾರಾದರೂ" ಅಂದರೆ ಕಡೆಗೆ ಯಾರೂ ಇಲ್ಲ ಅಂತಲೇ ಅರ್ಥ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಹೊಲ ಮಾಡಿಕೊಂಡು ಕನ್ನಡ ತೆಲುಗು ಎರಡರಲ್ಲೂ ನಾಲ್ಕು ಪದ್ಯ ಕಟ್ಟುವವನು, ವಕೀಲನಲ್ಲ. ಆದರೂ ಚಪ್ಪಲಿ ಸವೆಸಿ ತಿಳಿದದ್ದನ್ನು ಹೇಳುತ್ತೇನೆ. ಕುಟುಂಬದ ಟ್ರಸ್ಟುಗಳಿಗೆ 1882ರ ಭಾರತೀಯ ಟ್ರಸ್ಟ್ ಕಾಯಿದೆ ಇದೆ. ಉದ್ದೇಶ ಪೂರ್ತಿಯಾದರೆ, ಕಾನೂನಿಗೆ ವಿರುದ್ಧವಾದರೆ, ನಡೆಸಲು ಅಸಾಧ್ಯವಾದರೆ, ಅಥವಾ ಕ್ರಮಪ್ರಕಾರ ರದ್ದು ಮಾಡಿದರೆ ಟ್ರಸ್ಟ್ ಮುಗಿಯುತ್ತದೆ. ಪತ್ರವನ್ನು ಗೆದ್ದಲು ತಿಂದರೆ ಮುಗಿಯುತ್ತದೆ ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ. ಟ್ರಸ್ಟಿ ಆದವನು ಆ ಆಸ್ತಿಯಿಂದ ಸ್ವಂತ ಲಾಭ ಮಾಡಿಕೊಳ್ಳುವಂತಿಲ್ಲ ಎಂದೂ ಅದೇ ಕಾಯಿದೆ ಹೇಳುತ್ತದೆ. ಹಿರಿಯ ಮಗನಾದ ನನಗೂ ಅದು ಅನ್ವಯ.

ಒಂದು ಮಾತು ಮಾತ್ರ ಖರೆ. ಜಮೀನಿನ ಮೇಲಿನ ಟ್ರಸ್ಟ್ ನಿಲ್ಲಬೇಕಾದರೆ ಅದು ರಿಜಿಸ್ಟರ್ ಆದ ಪತ್ರದಲ್ಲಿರಬೇಕು, ಇಲ್ಲವೇ ಉಯಿಲಿನಲ್ಲಿರಬೇಕು. ಬಾಯಿಮಾತು ಸಾಲದು. ರಿಜಿಸ್ಟರ್ ಆಗಿದ್ದರೆ ಹೆದರಿಕೆಯಿಲ್ಲ, ಏಕೆಂದರೆ ಪತ್ರದ ಪೂರ್ತಿ ಒಕ್ಕಣೆ ಸಬ್‌ರಿಜಿಸ್ಟ್ರಾರ್ ಕಚೇರಿಯ ಒಂದನೇ ಪುಸ್ತಕದಲ್ಲಿ ದಾಖಲಾಗಿರುತ್ತದೆ. ಆ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು, ದೃಢೀಕೃತ ನಕಲು ಕೇಳಬಹುದು. 1908ರ ರಿಜಿಸ್ಟ್ರೇಷನ್ ಕಾಯಿದೆಯ 57ನೇ ಕಲಮಿನ ಪ್ರಕಾರ, ಮೂಲಪತ್ರದಲ್ಲಿ ಏನಿತ್ತು ಎಂಬುದಕ್ಕೆ ಆ ನಕಲು ಪುರಾವೆಯಾಗುತ್ತದೆ. ಪೆಟ್ಟಿಗೆಯಲ್ಲಿ ಸಿಕ್ಕ ಜೆರಾಕ್ಸಿಗೆ ಆ ತೂಕವಿಲ್ಲ.

ನಮ್ಮ ಗಡಿನಾಡಿನ ತೊಡಕು ಇರುವುದು ಹುಡುಕುವುದರಲ್ಲಿ. ಅಪ್ಪನ ಹೆಸರಿನಲ್ಲಿ ಹುಡುಕಿಸಿದೆ, ಇಲ್ಲ ಅಂದರು. ಎರಡನೇ ಸಲವೂ ಇಲ್ಲ. ಆಮೇಲೆ ಹೊಳೆಯಿತು. ತೆಲುಗಿನವರಲ್ಲಿ ಇಂಟಿಪೇರು ಮೊದಲು, ಹೆಸರು ಆಮೇಲೆ. ನಮಗೆ ಇಂಟಿಪೇರು ಎಲ್ಲಿದೆ? ಬರೆದುಕೊಂಡವರು ನಮ್ಮ ಊರಿನ ಹೆಸರನ್ನೇ ಇಂಟಿಪೇರು ಮಾಡಿ ಇಂಡೆಕ್ಸಿನಲ್ಲಿ ಸೇರಿಸಿಬಿಟ್ಟಿದ್ದರು! ಆದರೆ ಕಚೇರಿಯಲ್ಲಿ ಹೆಸರಿನ ಇಂಡೆಕ್ಸ್ ಬೇರೆ, ಆಸ್ತಿಯ ಇಂಡೆಕ್ಸ್ ಬೇರೆ. ಸರ್ವೆ ನಂಬರು ಕೊಟ್ಟು ಆಸ್ತಿಯ ಇಂಡೆಕ್ಸ್ ತೆಗೆಸಿದಾಗ ಅಪ್ಪನ ಪತ್ರ ಸಿಕ್ಕಿತು. ಅದೂ ಕನ್ನಡದಲ್ಲಿ. 1953ರ ಅಕ್ಟೋಬರ್ 1ರಂದು ಆಂಧ್ರಕ್ಕೆ ಸೇರುವತನಕ ನಮ್ಮ ರಾಯದುರ್ಗ, ಆದೋನಿ, ಆಲೂರು ತಾಲೂಕುಗಳು ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ಇಲ್ಲಿ ಕನ್ನಡದ ಪತ್ರ ಸಿಕ್ಕರೆ ಆಶ್ಚರ್ಯವೇನು? ಆಶ್ಚರ್ಯವೆಂದರೆ ಅದನ್ನು ಓದುವವರು ಕಚೇರಿಯಲ್ಲಿ ಒಬ್ಬರೂ ಇರಲಿಲ್ಲ. ನಾನೇ ನಿಂತು ಓದಿ ತೆಲುಗಿನಲ್ಲಿ ಹೇಳಿದೆ. ಕನ್ನಡ ಓದಬಲ್ಲ ಒಬ್ಬ ನೌಕರನನ್ನಾದರೂ ಗಡಿ ತಾಲೂಕುಗಳ ಕಚೇರಿಗಳಲ್ಲಿ ಇಡಬೇಕು. ಇದು ಭಾಷೆಯ ಜಗಳವಲ್ಲ, ರೈತನ ಹೊಲದ ಪ್ರಶ್ನೆ.

ಈ ನಡುವೆ ಕಚೇರಿ ಮುಂದಿನ ಚಹಾದಂಗಡಿಯಲ್ಲಿ ಒಬ್ಬ ಪಿಸುಗುಟ್ಟಿದ: "ಹಳೇ ಛಾಪಾಕಾಗದ ನನ್ನ ಹತ್ತಿರ ಇದೆ, ಹಂಗೇ ಒಂದು ಪತ್ರ ಬರೆಸಿಬಿಡೋಣ." ಇಂಥವರ ಬಲೆಗೆ ಬೀಳಬೇಡಿ. ನಿಜವಾದ ಟ್ರಸ್ಟಿಗೆ ಸುಳ್ಳು ಪತ್ರ ಮಾಡಿಸಿದರೆ ಜೈಲೂ ಹೌದು, ನಿಜವೂ ಹೋಯಿತು. ಪತ್ರ ಕಳೆದದ್ದಕ್ಕೆ ಪೊಲೀಸು ಠಾಣೆಯಲ್ಲಿ ದೂರು ಕೊಟ್ಟು ರಸೀದಿ ಇಟ್ಟುಕೊಳ್ಳಿ. ಸಾಲಕ್ಕೆಂದು ಬ್ಯಾಂಕಿನಲ್ಲಿ ಇಟ್ಟಿದ್ದಾರೋ, ಬರೆದುಕೊಟ್ಟ ದಸ್ತಾವೇಜು ಬರಹಗಾರರ ಹತ್ತಿರ ಉಳಿದಿದೆಯೋ ವಿಚಾರಿಸಿ. ಟ್ರಸ್ಟಿಯೇ ಇಲ್ಲದಂತಾಗಿದ್ದರೆ ಹೊಸಬರ ನೇಮಕಕ್ಕೆ ಸಿವಿಲ್ ನ್ಯಾಯಾಲಯವಿದೆ. ನಾವು ಪಹಣಿ ಎನ್ನುವುದಕ್ಕೆ ಇಲ್ಲಿ ಅಡಂಗಲ್ ಎನ್ನುತ್ತಾರೆ. ಅದರಲ್ಲಿ ಹೆಸರು ಬದಲಿಸುವಾಗ ಟ್ರಸ್ಟಿ ಎಂದೇ ಬರೆಸಿ. ಸ್ವಂತ ಹೆಸರಿಗೆ ಮಾಡಿಸಿಕೊಂಡರೆ ಮುಂದಿನ ತಲೆಮಾರಿಗೆ ಮತ್ತೊಂದು ವ್ಯಾಜ್ಯ.

ನಕಲು ಮನೆಗೆ ಬಂದ ದಿನ ತಮ್ಮನ ಮುಂದೆ ಗಟ್ಟಿಯಾಗಿ ಓದಿದೆ. ಅವನು ಮಾತಾಡಲಿಲ್ಲ. ಮಾರನೇ ದಿನ ತಾನೇ ಹೋಗಿ ಬಾವಿಯ ಮೋಟರು ರಿಪೇರಿ ಮಾಡಿಸಿದ.

ತಂದೆತಾಯಿ ಇರುವಾಗಲೇ ಕೇಳಿ: ಪತ್ರ ಎಲ್ಲಿದೆ, ನಂಬರು ಎಷ್ಟು, ಯಾವ ವರ್ಷ, ಯಾವ ಕಚೇರಿ? ಕೇಳಿದರೆ ಆಸ್ತಿಗೆ ಆಸೆಪಟ್ಟ ಅಂದುಕೊಂಡಾರೆಂಬ ಸಂಕೋಚ ಬೇಡ. ನಂಬರು ಬರೆದುಕೊಂಡು ಮನೆಯ ಇನ್ನಿಬ್ಬರಿಗೂ ಕೊಡಿ. ನಮ್ಮ ತಂಗಿಗೆ ಮಾತು ಬಾರದು. ಅವಳ ಪರವಾಗಿ ಮಾತಾಡಲಿ ಎಂದೇ ಅಪ್ಪ ಆ ಪತ್ರ ಬರೆಸಿದ್ದರು.