ಸಹಿ ಮಾತ್ರ ಸಮ್ಮತಿಯಲ್ಲ

ಶಸ್ತ್ರಚಿಕಿತ್ಸೆಗೆ ಮುನ್ನ ಮುದ್ರಿತ ಹಾಳೆಯೊಂದನ್ನು ಮುಂದಿಟ್ಟು ‘ಇಲ್ಲಿ ಸಹಿ ಹಾಕಿ’ ಎನ್ನುವುದು ನಮ್ಮ ಆಸ್ಪತ್ರೆಗಳಲ್ಲಿ ನಿತ್ಯದ ಸಂಗತಿ. ಅದು ಅನೇಕ ಕಡೆ ಇಂಗ್ಲಿಷಿನಲ್ಲೇ ಇರುತ್ತದೆ. ಅದರಲ್ಲೇನಿದೆ ಎಂದು ಕೇಳಲು ವಿದ್ಯಾವಂತರೂ ಹಿಂಜರಿಯುತ್ತಾರೆ. ವೈದ್ಯರನ್ನು ದೇವರೆಂದು ಕಾಣುವ ಸಮಾಜದಲ್ಲಿ ಪ್ರಶ್ನಿಸುವುದೇ ಉದ್ಧಟತನ ಎನಿಸಿಕೊಂಡಿದೆ.

ಈ ಸಹಿಯ ಅರ್ಥವೇನೆಂಬುದನ್ನು ಸುಪ್ರೀಂ ಕೋರ್ಟ್ 2008ರ ಜನವರಿಯಲ್ಲೇ ಸ್ಪಷ್ಟಪಡಿಸಿದೆ. ತಪಾಸಣೆಗೆಂದು ಅರಿವಳಿಕೆ ಪಡೆದಿದ್ದ ದೆಹಲಿಯ ಮಹಿಳೆಯೊಬ್ಬರ ಗರ್ಭಕೋಶ ಮತ್ತು ಅಂಡಾಶಯಗಳನ್ನು, ಹೊರಗೆ ಕಾದಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆಯಲಾಗಿತ್ತು. ಜೀವಾಪಾಯದ ತುರ್ತು ಇಲ್ಲದಿರುವಾಗ ವಯಸ್ಕ ರೋಗಿಯ ಪರವಾಗಿ ಇನ್ನೊಬ್ಬರ ಒಪ್ಪಿಗೆ ಸಲ್ಲದು. ತಪಾಸಣೆಗೆ ಕೊಟ್ಟ ಸಮ್ಮತಿ ಶಸ್ತ್ರಚಿಕಿತ್ಸೆಗೆ ಕೊಟ್ಟ ಸಮ್ಮತಿಯಲ್ಲ ಎಂದು ನ್ಯಾಯಾಲಯ ತೀರ್ಪಿತ್ತಿತು. ಚಿಕಿತ್ಸೆಯ ಸ್ವರೂಪ, ಅಪಾಯ, ಪರ್ಯಾಯ ಹಾಗೂ ನಿರಾಕರಿಸಿದರೆ ಆಗುವ ಪರಿಣಾಮಗಳನ್ನು ರೋಗಿಗೆ ತಿಳಿಸಬೇಕೆಂದೂ ಹೇಳಿತು.

ನಿಯಮಗಳ ಕೊರತೆ ನಮ್ಮಲ್ಲಿಲ್ಲ. ಕೇಳಿದ 72 ಗಂಟೆಗಳೊಳಗೆ ವೈದ್ಯಕೀಯ ದಾಖಲೆಗಳನ್ನು ನೀಡಬೇಕೆಂದು 2002ರ ವೈದ್ಯರ ವೃತ್ತಿ ನೀತಿಸಂಹಿತೆ ಹೇಳುತ್ತದೆ. ಖಾಸಗಿ ಆಸ್ಪತ್ರೆಗಳನ್ನು ನಿಯಂತ್ರಿಸುವ ಕರ್ನಾಟಕದ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ ರೋಗಿಗಳ ಸನ್ನದಿಗೆ ಶಾಸನದ ಬಲ ನೀಡಿತು. ಆದರೆ ಗೋಡೆಯ ಮೇಲಿನ ಸನ್ನದು ವೈದ್ಯರ ಕೊಠಡಿಯ ಸಂಭಾಷಣೆಯಾಗದಿದ್ದರೆ ಪ್ರಯೋಜನವಿಲ್ಲ.

ಇದು ಹಕ್ಕಿನ ಪ್ರಶ್ನೆ ಮಾತ್ರವಲ್ಲ, ಗುಣವಾಗುವ ಪ್ರಶ್ನೆಯೂ ಹೌದು. ಮಧುಮೇಹಿ ವೈದ್ಯರ ಎದುರು ಕೂರುವುದು ಕೆಲವೇ ನಿಮಿಷ. ಉಳಿದ ದಿನಗಳೆಲ್ಲ ಊಟ, ನಡಿಗೆ, ಮಾತ್ರೆಗಳ ಹೊಣೆ ಅವರದೇ. ಕ್ಷಯರೋಗದ ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳದು. ಕೆಲವು ವಾರಗಳಲ್ಲೇ ಕೆಮ್ಮು, ಜ್ವರ ಇಳಿದಾಗ ಗುಣವಾಯಿತೆಂದು ಔಷಧ ನಿಲ್ಲಿಸಿದರೆ ರೋಗ ಮರುಕಳಿಸಬಹುದು, ಔಷಧಕ್ಕೆ ಬಗ್ಗದ ರೂಪವನ್ನೂ ತಾಳಬಹುದು. ಕಾರಣ ತಿಳಿಸದೆ ಬರೆದುಕೊಟ್ಟ ಚೀಟಿ ಇಂತಹ ಕಡೆ ಸೋಲುತ್ತದೆ.

ಹೊರರೋಗಿಗಳ ಸರದಿ ಬಾಗಿಲಾಚೆಗೂ ಬೆಳೆದಿರುವಾಗ ವೈದ್ಯರಿಗೆ ಪುರುಸೊತ್ತೆಲ್ಲಿ ಎಂಬ ಮಾತಿನಲ್ಲಿ ಹುರುಳಿದೆ. ಆದರೆ ವಿವರಿಸುವ ಕೆಲಸದಲ್ಲಿ ತರಬೇತಾದ ದಾದಿಯರು, ಆಪ್ತಸಮಾಲೋಚಕರು ಕೈಜೋಡಿಸಬಹುದು. ಒಪ್ಪಿಗೆ ಪತ್ರ ಮತ್ತು ಬಿಡುಗಡೆ ಸಾರಾಂಶವನ್ನು ಕನ್ನಡದಲ್ಲಿ ಕೊಡಲು ದೊಡ್ಡ ಖರ್ಚೇನೂ ಆಗದು. ಸರ್ಕಾರ ಇದನ್ನು ಕಡ್ಡಾಯಗೊಳಿಸಬೇಕು.

ರೋಗಿಗೂ ಹೊಣೆಯಿದೆ. ಹಳೆಯ ವರದಿಗಳನ್ನು ಜೋಪಾನವಾಗಿಡಬೇಕು, ಸೇವಿಸುತ್ತಿರುವ ನಾಟಿ ಔಷಧವನ್ನೂ ಮುಚ್ಚಿಡದೆ ಹೇಳಬೇಕು, ಅರ್ಥವಾಗದಿದ್ದರೆ ಮತ್ತೊಮ್ಮೆ ಕೇಳಬೇಕು. ಪ್ರಶ್ನೆ ವೈದ್ಯರ ಮೇಲಿನ ಅಪನಂಬಿಕೆಯಲ್ಲ. ತಿಳಿದು ಒಪ್ಪಿದ ರೋಗಿಯೇ ಚಿಕಿತ್ಸೆಯನ್ನು ಕೊನೆಯವರೆಗೂ ಪಾಲಿಸುತ್ತಾನೆ ಎಂಬುದನ್ನು ಉಭಯತರೂ ಮರೆಯಬಾರದು.