ಯಾವ ಭಾಷೆಯಲ್ಲಿ ಬರೆಯಲಿ?

ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಪೇಟೆಗಳಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡಗಳನ್ನು ಮಕ್ಕಳು ಕೇಳಿ ಕೇಳಿಯೇ ಕಲಿಯುತ್ತಾರೆ. ಕಿವಿ ಕೇಳದವರಿಗೆ ಆ ಭಾಗ್ಯವಿಲ್ಲ; ಸಂಜ್ಞೆಯ ಜೊತೆಗೆ ಶಾಲೆಯಲ್ಲಿ ಕಲಿತ ಬರಹವೇ ಅವರಿಗೆ ಆಸರೆ. ಕೆಲವರಿಗೆ ಆ ಬರಹ ಇಂಗ್ಲಿಷ್. ವೈದ್ಯರು ತಾಯಿಯೊಡನೆ ತುಳುವಿನಲ್ಲಿ ಮಾತನಾಡಿ ಕಳುಹಿಸಿದರೆ, ಗುಳಿಗೆ ನುಂಗಬೇಕಾದ ಮಗನಿಗೆ ತಿಳಿದುದೇನು? ಕನ್ನಡದಲ್ಲಿ ಬರೆದುಕೊಟ್ಟರೂ ಆತನಿಗೆ ಅಷ್ಟೇ ಕಷ್ಟ.

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಸಂಜ್ಞೆ, ಬರಹಗಳೆರಡನ್ನೂ ಸಂವಹನವೆಂದೇ ಎಣಿಸಿದೆ. ಆದುದರಿಂದ ಆಸ್ಪತ್ರೆ, ಬ್ಯಾಂಕು, ತಾಲೂಕು ಕಚೇರಿಗಳು ಹೆಸರು ಬರೆದುಕೊಳ್ಳುವಾಗಲೇ ‘ಸಂಜ್ಞೆಯೋ, ಕನ್ನಡವೋ, ಇಂಗ್ಲಿಷೋ?’ ಎಂದು ಚೀಟಿಯಲ್ಲಿ ಕೇಳಿ ಗುರುತು ಹಾಕಿಕೊಳ್ಳಲಿ. ಸಂಜ್ಞೆ ಬಲ್ಲ ದುಭಾಷಿ ಊರಿನಲ್ಲಿಲ್ಲದಿದ್ದರೆ ದೂರದಿಂದಲೇ ವಿಡಿಯೊ ಕರೆಯಲ್ಲಿ ನೆರವಾಗಬಲ್ಲರು. ಇದರಿಂದ ಕನ್ನಡಾಭಿಮಾನಕ್ಕೆ ಕುಂದೇನೂ ಇಲ್ಲ. ತನ್ನ ಔಷಧಿಯ ವಿಷಯ ತನಗೇ ತಿಳಿಯಬೇಕೆಂಬುದು ಯಾರಿಗೂ ಸಲ್ಲುವ ಹಕ್ಕಲ್ಲವೇ?