ರೆಡಿಮೇಡ್ ಪಾತ್ರ ಸಿಕ್ಕರೆ ಕಥೆ ಬರೆಯುವುದು ಸುಲಭವೇ? ಗೇಮ್ ಅಭಿಮಾನಿ ಕಥೆಗಳ ಹಿಂದಿನ ಲೆಕ್ಕ

ವಿಡಿಯೊ ಗೇಮ್ ಆಡುವವರಲ್ಲಿ ಕೆಲವರು ಆಟ ಮುಗಿದ ಮೇಲೂ ಅದರ ಪಾತ್ರಗಳನ್ನು ಬಿಡುವುದಿಲ್ಲ. ಅದೇ ನಾಯಕ, ಅದೇ ಲೋಕ, ಅದೇ ಶತ್ರುವನ್ನು ಇಟ್ಟುಕೊಂಡು ತಮ್ಮದೇ ಹೊಸ ಕಥೆ ಬರೆಯುತ್ತಾರೆ. ಇದಕ್ಕೆ ಫ್ಯಾನ್ ಫಿಕ್ಷನ್, ಅಂದರೆ ಅಭಿಮಾನಿ ಕಥೆ ಎನ್ನುತ್ತಾರೆ. ಇದರ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ಮಾತು ಹೀಗಿದೆ: "ಪಾತ್ರ ರೆಡಿ, ಲೋಕ ರೆಡಿ, ಇನ್ನು ಬರೆಯುವುದೇನು ಮಹಾ? ಒಂದು ಗಂಟೆ ಕೂತರೆ ಆಯ್ತು." ಇದರಲ್ಲಿ ನಿಜ ಎಷ್ಟು?

ಮೊದಲು ಆ "ಒಂದು ಗಂಟೆ"ಯನ್ನೇ ನೋಡೋಣ. ಜನ ಮೊಬೈಲ್‌ನಲ್ಲಿ ಎಷ್ಟು ವೇಗವಾಗಿ ಟೈಪ್ ಮಾಡುತ್ತಾರೆ ಎಂದು 2019ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಫಿನ್‌ಲ್ಯಾಂಡಿನ ಆಲ್ಟೊ, ಇಂಗ್ಲೆಂಡಿನ ಕೇಂಬ್ರಿಡ್ಜ್ ಮತ್ತು ಸ್ವಿಟ್ಜರ್ಲೆಂಡಿನ ಇಟಿಎಚ್ ಸಂಸ್ಥೆಗಳ ಸಂಶೋಧಕರು ಸುಮಾರು 37,000 ಜನರನ್ನು ಪರೀಕ್ಷಿಸಿದರು. ಸರಾಸರಿ ವೇಗ ನಿಮಿಷಕ್ಕೆ ಸುಮಾರು 36 ಇಂಗ್ಲಿಷ್ ಪದ. ಈ ಲೆಕ್ಕದಲ್ಲಿ 2,000 ಪದಗಳ ಒಂದು ಅಧ್ಯಾಯ 55 ನಿಮಿಷದಲ್ಲಿ ಮುಗಿಯಬೇಕು. ಆದರೆ ಆ ಜನ ಟೈಪ್ ಮಾಡಿದ್ದು ತಮಗೆ ಕೊಟ್ಟಿದ್ದ ವಾಕ್ಯಗಳನ್ನು. ಮುಂದಿನ ವಾಕ್ಯ ಏನಿರಬೇಕೆಂದು ಅವರು ಯೋಚಿಸಬೇಕಾಗಿರಲಿಲ್ಲ. ಅಮೆರಿಕದಲ್ಲಿ 1999ರಲ್ಲಿ ಶುರುವಾದ ಕಾದಂಬರಿ ಬರೆಯುವ ತಿಂಗಳು, ನ್ಯಾನೊರೈಮೊ, ಇಟ್ಟಿದ್ದ ಗುರಿ 30 ದಿನಕ್ಕೆ 50,000 ಪದ. ದಿನಕ್ಕೆ ಬರೀ 1,667. ಟೈಪಿಂಗ್ ಲೆಕ್ಕದಲ್ಲಿ ಸುಮಾರು 46 ನಿಮಿಷದ ಕೆಲಸ ಅನಿಸಿದರೂ ಜನ ಅದನ್ನು ದೊಡ್ಡ ಸವಾಲು ಎಂದೇ ತೆಗೆದುಕೊಳ್ಳುತ್ತಿದ್ದರು.

ಈಗ ಗೇಮ್‌ಗೆ ಬರೋಣ. ಮಾರಿಯೊ, ಪಿಕಾಚು, ಲಿಂಕ್ ಮುಂತಾದವರನ್ನು ಒಂದೇ ಅಖಾಡಕ್ಕೆ ಇಳಿಸುವ 'ಸೂಪರ್ ಸ್ಮ್ಯಾಶ್ ಬ್ರದರ್ಸ್ ಬ್ರಾಲ್' ಎಂಬ ನಿಂಟೆಂಡೊ ಆಟ 2008ರಲ್ಲಿ ಬಂತು. ಅದರಲ್ಲಿ 'ಸಬ್‌ಸ್ಪೇಸ್ ಎಮಿಸರಿ' ಎಂಬ ಕಥಾಭಾಗವಿದೆ. ವಿಚಿತ್ರವೆಂದರೆ ಅಲ್ಲಿ ಸಂಭಾಷಣೆಯೇ ಇಲ್ಲವೆನ್ನಬಹುದು, ಎಲ್ಲವೂ ಅಭಿನಯದಲ್ಲೇ ನಡೆಯುತ್ತದೆ. ಇದೇ ಮೌನವನ್ನು ಹಿಡಿದು ಒಬ್ಬ ಅಭಿಮಾನಿ ಅದೇ ವರ್ಷ ಬರೆಯಲು ಶುರುಮಾಡಿದ 'ದ ಸಬ್‌ಸ್ಪೇಸ್ ಎಮಿಸರೀಸ್ ವರ್ಲ್ಡ್ಸ್ ಕಾಂಕ್ವೆಸ್ಟ್' 40 ಲಕ್ಷ ಪದಗಳನ್ನು ದಾಟಿತು. ಟಾಲ್‌ಸ್ಟಾಯ್ ಅವರ 'ಯುದ್ಧ ಮತ್ತು ಶಾಂತಿ'ಯ ಇಂಗ್ಲಿಷ್ ಅನುವಾದ 6 ಲಕ್ಷ ಪದಗಳ ಆಸುಪಾಸಿನಲ್ಲಿದೆ. ಉದ್ದ ಇದ್ದ ಮಾತ್ರಕ್ಕೆ ಚೆನ್ನಾಗಿದೆ ಎಂದಲ್ಲ (40 ಲಕ್ಷ ಪದ ಓದುವ ತಾಳ್ಮೆ ನನಗಂತೂ ಇಲ್ಲ). ಸಮಯದ ಲೆಕ್ಕ ಮಾತ್ರ ಹಾಕಬಹುದು. ಗಂಟೆಗೆ 500 ಪದ ಎಂದಿಟ್ಟುಕೊಂಡರೆ 8,000 ಗಂಟೆ. ದಿನಕ್ಕೆ 8 ಗಂಟೆಯಂತೆ 1,000 ದಿನ. ವರ್ಷಕ್ಕೆ 250 ದಿನ ಆಫೀಸಿಗೆ ಹೋಗುವವರಿಗೆ ಇದು 4 ವರ್ಷದ ನೌಕರಿ, ಸಂಬಳ ಇಲ್ಲದ್ದು. ವೇಗ ಇದರ ಎರಡರಷ್ಟು ಇದ್ದರೂ 2 ವರ್ಷ ಬೇಕು.

ಅಂದಹಾಗೆ, ಇದನ್ನು ಕನ್ನಡದ ಪದಲೆಕ್ಕಕ್ಕೆ ನೇರವಾಗಿ ಹೋಲಿಸಬೇಡಿ. ಇಂಗ್ಲಿಷಿನಲ್ಲಿ ಮೂರು ಪದವಾಗುವುದು ನಮ್ಮಲ್ಲಿ "ಮನೆಯಲ್ಲಿ" ಎಂದು ಒಂದೇ ಪದ.

ಹಾಗಾದರೆ ರೆಡಿ ಪಾತ್ರದಿಂದ ಉಪಯೋಗವೇ ಇಲ್ಲವೇ?

ಇದೆ. ಪಾತ್ರದ ಹೆಸರು, ರೂಪ, ಹಿನ್ನೆಲೆಯನ್ನು ಓದುಗರಿಗೆ ಮೊದಲಿನಿಂದ ಹೇಳಬೇಕಿಲ್ಲ. ಆದರೆ ಉಳಿದ ಕೆಲಸ ಉಳಿದೇ ಇರುತ್ತದೆ, ಗೇಮ್ ಆದರೆ ಇನ್ನಷ್ಟು ಹೆಚ್ಚುತ್ತದೆ. ಸಿನಿಮಾದಲ್ಲಿ ನಾಯಕ ಏನು ಮಾಡಿದ ಎಂಬುದು ಎಲ್ಲರಿಗೂ ಒಂದೇ. 'ಮಾಸ್ ಎಫೆಕ್ಟ್' ಸರಣಿಯ ಮೊದಲ ಮೂರು ಆಟಗಳಲ್ಲಿ (2007, 2010, 2012) ಶೆಪರ್ಡ್ ಗಂಡೋ ಹೆಣ್ಣೋ, ಯಾರನ್ನು ಉಳಿಸಿದ, ಯಾರನ್ನು ಬಿಟ್ಟ ಎಂಬುದನ್ನು ಆಡುವವರೇ ತೀರ್ಮಾನಿಸುತ್ತಾರೆ. ಒಂದು ಆಟದ ತೀರ್ಮಾನ ಮುಂದಿನದಕ್ಕೂ ಹೋಗುತ್ತದೆ. ಕಥೆ ಬರೆಯುವವರು ಮೊದಲು ಇದು ಯಾವ ಶೆಪರ್ಡ್ ಎಂದು ನಿರ್ಧರಿಸಬೇಕು. ತಾವು ಆಯ್ಕೆ ಮಾಡದ ದಾರಿಯ ಕಥೆ ಬೇಕೆಂದರೆ ಹಳೆಯ ಸೇವ್ ತೆಗೆದು ಮತ್ತೆ ಆಡಬೇಕು, ಇಲ್ಲವೇ ಯೂಟ್ಯೂಬ್‌ನಲ್ಲಿ ಗಂಟೆಗಟ್ಟಲೆ ಬೇರೆಯವರ ಆಟ ನೋಡಬೇಕು. 'ಜೆಲ್ಡಾ'ದ ಲಿಂಕ್ ಮಾತೇ ಆಡುವುದಿಲ್ಲ. ಅವನ ಬಾಯಲ್ಲಿ ಮೊದಲ ವಾಕ್ಯ ಇಡುವುದು ಪಾತ್ರವನ್ನೇ ಕಟ್ಟುವ ಕೆಲಸ. ಸ್ವಲ್ಪ ತಪ್ಪಿದರೂ ಅಭಿಮಾನಿಗಳು "ಅವನು ಹೀಗೆ ಮಾತಾಡುವವನಲ್ಲ" ಎಂದು ಹಿಡಿದು ಕೇಳುತ್ತಾರೆ.

ಆ ಟೀಕೆಯಿಂದ ಪ್ರಯೋಜನವೂ ಇದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಿಸಿಲಿಯಾ ಅರಗಾನ್ ಮತ್ತು ಕೇಟಿ ಡೇವಿಸ್ ಅಭಿಮಾನಿ ಕಥೆಗಳನ್ನೂ ಅವಕ್ಕೆ ಬಂದ ಪ್ರತಿಕ್ರಿಯೆಗಳನ್ನೂ ಅಧ್ಯಯನ ಮಾಡಿ 2019ರಲ್ಲಿ ಪುಸ್ತಕ ಬರೆದಿದ್ದಾರೆ. ಒಬ್ಬ ಮೇಷ್ಟ್ರು ಕೂತು ತಿದ್ದದಿದ್ದರೂ, ನೂರಾರು ಓದುಗರ ಪುಟ್ಟ ಪುಟ್ಟ ಮಾತುಗಳು ಸೇರಿ ಎಳೆಯ ಬರಹಗಾರರಿಗೆ ಪಾಠವಾಗುತ್ತವೆ ಎಂಬುದು ಅವರ ವಾದ. ಪ್ರಕಟಿಸುವ ಮುಂಚೆಯೇ ಓದಿ ತಪ್ಪು ತೋರಿಸುವವರೂ ಇದ್ದಾರೆ, ಅವರನ್ನು ಬೀಟಾ ರೀಡರ್ ಎನ್ನುತ್ತಾರೆ. ಅವರಿಗೂ ಸಂಬಳವಿಲ್ಲ.

"ಎಐ ಹತ್ತು ಸೆಕೆಂಡಿನಲ್ಲಿ ಬರೆಯುತ್ತದಲ್ಲ?"

ಬರೆಯುತ್ತದೆ. ಆದರೆ ಎಐಗೆ ಕಲಿಸಲು ಯಾರೋ ಬರೆದ ಪಠ್ಯ ಬೇಕು. ಅಭಿಮಾನಿ ಕಥೆಗಳ ದೊಡ್ಡ ಭಂಡಾರ 'ಆರ್ಕೈವ್ ಆಫ್ ಅವರ್ ಓನ್' ಲಾಭಕ್ಕಾಗಿ ನಡೆಯುವುದಲ್ಲ, ನಡೆಸುವವರು ಸ್ವಯಂಸೇವಕರು. 2019ರಲ್ಲಿ ಅದಕ್ಕೆ ಹ್ಯೂಗೊ ಪ್ರಶಸ್ತಿಯೂ ಬಂತು. 2025ರಲ್ಲಿ ಯಾರೋ ಒಬ್ಬರು ಅಲ್ಲಿನ ಸುಮಾರು 1.26 ಕೋಟಿ ಕೃತಿಗಳನ್ನು ಲೇಖಕರನ್ನು ಕೇಳದೆ ನಕಲಿಸಿ, ಎಐ ತರಬೇತಿಗೆ ಬಳಸುವಂತೆ ಹಗ್ಗಿಂಗ್ ಫೇಸ್ ಎಂಬ ತಾಣಕ್ಕೆ ಹಾಕಿದರು. ಆರ್ಕೈವ್ ನಡೆಸುವ ಸಂಸ್ಥೆ ದೂರು ಕೊಟ್ಟ ಮೇಲೆ ಅದು ಸಿಗದಂತೆ ಮಾಡಲಾಯಿತು. ಇಂತಹ ನಕಲಿಗೆ ಹೆದರಿ ಹಲವರು ತಮ್ಮ ಕಥೆಗಳನ್ನು ಲಾಗಿನ್ ಆದವರಿಗೆ ಮಾತ್ರ ಕಾಣುವಂತೆ ಬೀಗ ಹಾಕಿದರು, ಹಾಗಾಗಿ ಸುಮ್ಮನೆ ಓದಲು ಬಂದವರಿಗೂ ಅವು ಕಾಣುವುದಿಲ್ಲ.

ನಮ್ಮ ಫೋನುಗಳಲ್ಲಿ ಇದರ ಸಣ್ಣ ರೂಪವೇ ನಡೆಯುತ್ತದೆ. ಕಥೆಯ ಸ್ಕ್ರೀನ್‌ಶಾಟ್ ತೆಗೆದು, ಹೆಸರಿರುವ ಭಾಗ ಕತ್ತರಿಸಿ, ಗ್ರೂಪಿಗೆ ಕಳಿಸುತ್ತೇವೆ. ಆರ್ಕೈವ್‌ನಿಂದ ಕಥೆಯನ್ನು ಡೌನ್‌ಲೋಡ್ ಮಾಡಿದರೆ ಮೊದಲಲ್ಲೇ ಶೀರ್ಷಿಕೆ, ಲೇಖಕರ ಹೆಸರು, ಮೂಲ ಲಿಂಕ್ ಎಲ್ಲವೂ ಇರುತ್ತವೆ. ಕಳಿಸುವುದಾದರೆ ಆ ಲಿಂಕನ್ನೇ ಕಳಿಸಿ. ಓದಿದವರು ಅಲ್ಲೇ ಲೇಖಕರಿಗೆ ಎರಡು ಸಾಲು ಬರೆಯಬಹುದು.